ಅಕ್ಕನ ಮೂವತ್ತೇಳು ಗೆರೆಗಳು

ಆ ದಿನದ ಮಳೆ ಎರಡು ಇಂಚು ಹತ್ತು ಸೆಂಟ್; ನೂರು ಸೆಂಟಿಗೆ ಒಂದು ಇಂಚು. ನಮ್ಮ ಬಾಳೂರಿನ ಕಡೆ ಜುಲೈ ತಿಂಗಳಿಗೆ ಅದು ಹೇಳಿಕೊಳ್ಳುವಂಥ ಮಳೆಯೇನಲ್ಲ. ಆಳುಗಳ ಹಾಜರಿ ಮುಗಿಸಿ, ಎಂಟಕ್ಕೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ ನೋಡಿ ಬರೆದುಕೊಂಡೆ. ಒಂಬತ್ತಕ್ಕೆ ತಿಂಡಿಗೆಂದು ಕ್ವಾರ್ಟರ್ಸಿಗೆ ಬಂದೆ. ನಾನು ಕಾಫಿ ಎಸ್ಟೇಟಿನ ರೈಟರ್, ಹಾಜರಿ ಮತ್ತು ಲೆಕ್ಕ ಬರೆಯುವವನು. ಇಪ್ಪತ್ತು ವರ್ಷಗಳಿಂದ ನನ್ನ ಬೆಳಗು ಹೀಗೆಯೇ.

ಅಕ್ಕ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದಳು. ನನ್ನ ಹೆಂಡತಿ ಸುಜಾತ ಅವಳಿಗೆ ರಾಗಿ ಗಂಜಿ ಕುಡಿಸಿ, ಬಾಯಿ ಒರೆಸಿ, ಬಲಗೈಯ ತೋರುಬೆರಳಿನ ಕೆಳಗೆ ಒತ್ತುವ ಗುಂಡಿ ಇಟ್ಟು ಹೋಗಿದ್ದಳು. ಎದುರಿನ ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಬಿಳಿ ಗೆರೆಗಳು ಒಂದೊಂದಾಗಿ ಮೂಡುತ್ತಿದ್ದವು. ಒಂದು ಉದ್ದ, ಒಂದು ಗಿಡ್ಡ, ಸ್ವಲ್ಪ ಖಾಲಿ, ಮತ್ತೆ ಒಂದು ಗಿಡ್ಡ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಎರಡು ಅಕ್ಷರವಾಗಿತ್ತು. ಮೂರನೆಯ ದೋಸೆ ತಟ್ಟೆಗೆ ಬೀಳುವ ಹೊತ್ತಿಗೆ ವಾಕ್ಯ ಮುಗಿಯಿತು. ಗೋಡೆಗೆ ಅಂಟಿಸಿದ್ದ ಅಕ್ಷರಗಳ ಪಟ್ಟಿಯನ್ನು ನೋಡಿ ನೋಡಿ ಓದಿದೆ: ನಾಗು ಅಂಗಿ ಉಲ್ಟಾ.

ನಿಜ. ಹೊಲಿಗೆಯೆಲ್ಲ ಹೊರಗೆ ಕಾಣುವಂತೆ ಅಂಗಿ ಹಾಕಿಕೊಂಡು ಅರವತ್ತು ಆಳುಗಳ ಎದುರು ನಿಂತು ಹಾಜರಿ ಕೂಗಿ ಬಂದಿದ್ದೆ. ಒಬ್ಬರೂ ಹೇಳಿರಲಿಲ್ಲ. ಅಕ್ಕನಿಗೆ ನಗಲು ಮುಖದ ಸ್ನಾಯುಗಳು ಉಳಿದಿರಲಿಲ್ಲ. ಕಣ್ಣಿನಲ್ಲಿ ನಗುತ್ತಿದ್ದಳು. ನಾನು ಅಂಗಿ ಬಿಚ್ಚಿ ತಿರುಗಿಸಿ ಹಾಕಿಕೊಂಡು, "ಇಷ್ಟು ಹೇಳ್ಲಿಕ್ಕೆ ಹನ್ನೆರಡು ನಿಮಿಷ ಬೇಕಾಯ್ತಾ ನಿಂಗೆ" ಎಂದೆ. ಅವಳ ಬೆರಳು ಮತ್ತೆ ಗುಂಡಿಯ ಮೇಲೆ ಕೂತಿತು. ಉತ್ತರ ಬರುವುದರೊಳಗೆ ನಾನು ತೋಟಕ್ಕೆ ಹೊರಟಿದ್ದೆ. ಏನು ಬರೆದಳು ಎಂದು ಸಂಜೆ ಕೇಳಿದರೆ ಸುಜಾತ ಹೇಳಿದಳು: ಹನ್ನೊಂದು.

ಅದು ನಮ್ಮ ಮನೆಯ ಕೊನೆಯ ಮಾಮೂಲಿ ದಿನ.

ಅಕ್ಕನ ಹೆಸರು ವಸುಧಾ. ಕಳಸದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿದ್ದಳು. ನಾವಿಬ್ಬರೂ ಬೆಳೆದದ್ದು ಕುದುರೆಮುಖದ ಗಣಿ ಕಾಲೊನಿಯಲ್ಲಿ. ಅಪ್ಪ ಅಲ್ಲಿ ವೈರ್‌ಲೆಸ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರು. ಆ ಕೋಣೆಯ ಬಾಗಿಲಲ್ಲಿ ನಿಂತು ಮೋರ್ಸ್ ಸಂಕೇತ ಕಲಿತವಳು ಅಕ್ಕ. ಹೊರಗೆ ಗೋಲಿ ಆಡಿದವನು ನಾನು. ಗಣಿ ನಿಂತ ಮೇಲೆ ಕಾಲೊನಿ ಖಾಲಿಯಾಯಿತು, ನಾನು ಎಸ್ಟೇಟಿಗೆ ಬಂದೆ. ಅಕ್ಕ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋದ ಲೈಸೆನ್ಸ್ ತೆಗೆದುಕೊಂಡಳು. ರಜೆಯಲ್ಲಿ ನಮ್ಮ ಮನೆಗೆ ಬಂದರೆ ಬಟ್ಟೆಯ ಚೀಲಕ್ಕಿಂತ ತಂತಿಯ ಚೀಲವೇ ದೊಡ್ಡದಿರುತ್ತಿತ್ತು. ನಮ್ಮ ಮನೆ ದಿಬ್ಬದ ಮೇಲಿದೆ, ಸುತ್ತ ಎತ್ತರದ ಸಿಲ್ವರ್ ಓಕ್ ಮರಗಳಿವೆ, ರೇಡಿಯೋಗೆ ಅಡ್ಡ ಬರುವ ಕರೆಂಟಿನ ಗದ್ದಲ ಕಡಿಮೆ. ಎರಡು ಮರಗಳ ನಡುವೆ ಆಂಟೆನಾದ ತಂತಿ ಕಟ್ಟಿಸಲು ಅವಳು ಮೇಸ್ತ್ರಿ ಐತಪ್ಪನನ್ನು ಹಿಡಿಯುತ್ತಿದ್ದಳು. ಮೆಣಸು ಕೊಯ್ಯುವ ಏಣಿ ಹಾಕಿ ಐತಪ್ಪ ಮರ ಹತ್ತುತ್ತಿದ್ದ. "ಬಟ್ಟೆ ಒಣಗ್ಸೋ ಹಗ್ಗ ಇಷ್ಟು ಮೇಲೆ ಯಾರಾದ್ರೂ ಕಟ್ತಾರಾ ಟೀಚರಮ್ಮ" ಎಂದು ಪ್ರತಿ ಸಲ ಕೇಳುವುದು, ಅವಳು ಪ್ರತಿ ಸಲ ನಗುವುದು.

ಅವಳು ಮಾಡುತ್ತಿದ್ದ ಪ್ರಯೋಗ ನನಗೆ ಅರ್ಥವಾದಷ್ಟು ಇಷ್ಟು. ಮೋರ್ಸ್ ಎಂದರೆ ಕಿವಿಯಲ್ಲಿ ಕೇಳುವುದು. ಗಿಡ್ಡ ಸದ್ದು, ಉದ್ದ ಸದ್ದು. ಬಲ್ಲವರು ನಿಮಿಷಕ್ಕೆ ಇಪ್ಪತ್ತು ಪದ ಕಳಿಸುತ್ತಾರೆ. ಅಕ್ಕ ಅದನ್ನು ಬೇಕೆಂದೇ ನಿಧಾನ ಮಾಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಬೇಕಾದ ಗಿಡ್ಡ ಸದ್ದಿಗೆ ಆರು ಸೆಕೆಂಡು, ಉದ್ದದ್ದಕ್ಕೆ ಹದಿನೆಂಟು. ಅಷ್ಟು ನಿಧಾನವಾದರೆ ಕಿವಿಗೆ ಅದು ಮಾತೇ ಅಲ್ಲ. ಆದರೆ ಕಂಪ್ಯೂಟರು ಅದನ್ನು ಗೆರೆಯಾಗಿ ಬಿಡಿಸಿದರೆ ಕಣ್ಣಿಗೆ ಕಾಣುತ್ತದೆ. ಟಾರ್ಚಿನ ಬಲ್ಬಿಗೂ ಸಾಲದಷ್ಟು ಶಕ್ತಿಯಲ್ಲಿ ಕಳಿಸಿದರೂ, ಆಚೆಯವರ ಕಿವಿಗೆ ಬರೀ ಮಳೆ ಸುರಿದಂಥ ಸದ್ದು ಕೇಳುತ್ತಿದ್ದರೂ, ಅವರ ಪರದೆಯ ಮೇಲೆ ಮಸುಕಾಗಿ ಗೆರೆ ಮೂಡುತ್ತದೆ. ಅದಕ್ಕಾಗಿ ಅವಳೇ ಒಂದು ಸಾಫ್ಟ್‌ವೇರ್ ಬರೆದಿದ್ದಳು. ಹೆಸರು ನಿಧಾನ. ಅದನ್ನು ತೆರೆದಾಗಲೆಲ್ಲ ಮೊದಲು ಒಂದು ಸಾಲು ಬರುತ್ತಿತ್ತು: ಇದು ಪ್ರಯೋಗಕ್ಕೆ ಮಾತ್ರ, ತಪ್ಪುಗಳಿರಬಹುದು.

ಆಚೆ ಕಡೆ ಗೆರೆ ನೋಡಲು ಕೂತವರು ಕುಂದಾಪುರದ ಪೈ ಮಾಮ. ನೆಂಟರಲ್ಲ, ರೇಡಿಯೋದಲ್ಲೇ ಪರಿಚಯವಾದವರು. ಹಡಗುಗಳಲ್ಲಿ ರೇಡಿಯೋ ಆಫೀಸರಾಗಿ ದುಡಿದು ನಿವೃತ್ತರಾದವರು. ಸಮುದ್ರದ ನಡುವೆ ಬಿರುಗಾಳಿಯಲ್ಲಿ ಕಿವಿಯಿಂದಲೇ ಮೋರ್ಸ್ ಹಿಡಿದ ಮನುಷ್ಯನಿಗೆ ಈ ಗೆರೆ ನೋಡುವ ಕೆಲಸ ತಮಾಷೆ. ಅಕ್ಕ ಕಳಿಸುವುದಾಗಿ ಹೇಳಿದ ದಿನ ಫೋನ್ ಮಾಡಿ, "ಬಸವನಹುಳು ಹೊರಟಿತಾ? ಹಾಗಾದ್ರೆ ನಾನು ಸ್ನಾನ ಮಾಡಿ, ಊಟ ಮಾಡಿ, ಒಂದು ನಿದ್ದೆ ತೆಗೆದು ಬರ್ತೇನೆ" ಎನ್ನುತ್ತಿದ್ದರು. ಹಾಗೆನ್ನುತ್ತಲೇ ಪರದೆಯ ಮುಂದೆ ಕೂತಿರುತ್ತಿದ್ದರು. ಬಂದ ಗೆರೆಗಳ ಚಿತ್ರ ತೆಗೆದು ತಪ್ಪದೆ ಕಳಿಸುತ್ತಿದ್ದರು.

ಆಮೇಲೆ ಒಂದು ದಿನ ತರಗತಿಯಲ್ಲಿ ಅಕ್ಕನ ಕೈಯಿಂದ ಸೀಮೆಸುಣ್ಣ ಜಾರಿತು. ಮಾರನೆಯ ದಿನವೂ ಜಾರಿತು. ಮಂಗಳೂರಿನ ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿ, ನರಗಳು ಸ್ನಾಯುಗಳಿಗೆ ಸುದ್ದಿ ಮುಟ್ಟಿಸುವುದನ್ನು ನಿಲ್ಲಿಸುತ್ತ ಹೋಗುವ ಕಾಯಿಲೆ ಎಂದರು. ವಾಪಸ್ ತರುವ ಔಷಧಿಯಿಲ್ಲ. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ ಎಂದರು. ಅದನ್ನು ಸಮಾಧಾನವೆಂಬಂತೆ ಹೇಳಿದರು. ಅಕ್ಕ ಮದುವೆಯಾದವಳಲ್ಲ. ಕಳಸದ ಬಾಡಿಗೆ ಮನೆ ಬಿಡಿಸಿ ನಾವು ಕರೆತಂದೆವು. ಮೊದಲು ಕಾಲು, ಆಮೇಲೆ ಎಡಗೈ, ಆಮೇಲೆ ನಾಲಿಗೆ. ಎರಡು ವರ್ಷದಲ್ಲಿ ಉಳಿದದ್ದು ಕಣ್ಣು ಮತ್ತು ಬಲಗೈಯ ಒಂದು ಬೆರಳು.

ಮಾತು ತೊದಲುತ್ತಿದ್ದರೂ ಇನ್ನೂ ಉಳಿದಿದ್ದ ಆ ಮೊದಲ ವರ್ಷ ಅವಳು ನಿಧಾನ ಸಾಫ್ಟ್‌ವೇರನ್ನು ಬದಲಿಸುತ್ತ ಕೂತಳು. ತನ್ನ ಬೆರಳಿನ ವೇಗ ಎಲ್ಲಿಗೆ ಬಂದು ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಆರು ಸೆಕೆಂಡಿನ ಗೆರೆ ಅವಳ ಪಾಲಿಗೆ ಇನ್ನು ಆಟವಾಗಿರಲಿಲ್ಲ. ಗುಂಡಿ ಒತ್ತಿದರೆ ಗೆರೆ ನಮ್ಮ ಪರದೆಯ ಮೇಲೆ ಬರುವಂತೆ, ಬೇಕೆಂದಾಗ ಅದೇ ಗೆರೆ ಸಣ್ಣ ಟ್ರಾನ್ಸ್‌ಮಿಟರಿನಿಂದ ಪೈ ಮಾಮನಿಗೂ ಹೋಗುವಂತೆ ಮಾಡಿಕೊಂಡಳು. ಕೆಲಸ ಸಿಕ್ಕಿಕೊಂಡು ನಿಂತದ್ದು ಒಂದು ಕಡೆ. ಬೆರಳು ಒತ್ತುತ್ತಿತ್ತು, ಆದರೆ ಬೇಕಾದಾಗ ಬಿಡುತ್ತಿರಲಿಲ್ಲ. ಒಂದು ಗೆರೆ ಮುಂದಿನದಕ್ಕೆ ಅಂಟಿಕೊಳ್ಳುತ್ತಿತ್ತು. ಅವಳು ಎಲ್ಲಿ ಬಿಡಬೇಕೆಂದುಕೊಂಡಿದ್ದಾಳೆ ಎನ್ನುವುದನ್ನು ಬೆರಳಿನ ಭಾರ ನೋಡಿ ಸಾಫ್ಟ್‌ವೇರೇ ತಿಳಿದುಕೊಂಡು ಅಲ್ಲಿ ಬಿಡುವು ಹಾಕಬೇಕಿತ್ತು. ಅಷ್ಟನ್ನು ಸರಿ ಮಾಡಲು ಎರಡು ತಿಂಗಳು ಹಿಡಿಯಿತು. ಸರಿಯಾದ ದಿನ ನನ್ನನ್ನು ಕೂರಿಸಿಕೊಂಡು ತೊದಲುತ್ತ ವಿವರಿಸಿದಳು. ಗೆರೆ ಬರೆಸುವುದು ಏನೂ ಅಲ್ಲವಂತೆ, ಇಡೀ ಕೆಲಸ ಇರುವುದು ಬಿಡುವಿನಲ್ಲಂತೆ. ನಾನು ಹೂಂ ಹೂಂ ಎಂದೆ. ಹೊರಗೆ ಗೊಬ್ಬರದ ಲಾರಿ ಬಂದು ನಿಂತಿತ್ತು.

ಪಟ್ಟಿ ನೋಡಿ ಓದುವುದನ್ನು ನಾನೂ ಸುಜಾತಳೂ ಕಲಿತೆವು. ಅಕ್ಷರ ಇಂಗ್ಲಿಷಿನವು, ಮಾತು ಕನ್ನಡ. ಬೆರಳು ದಣಿಯುತ್ತದೆಂದು ಅಕ್ಕ ಎಲ್ಲವನ್ನೂ ಮೋಟು ಮಾಡಿ ಬರೆಯುತ್ತಿದ್ದಳು. ನೀರು ಎನ್ನಲು ನಾಲ್ಕೇ ಅಕ್ಷರ, ಬೇಡ ಎನ್ನಲೂ ನಾಲ್ಕು. ನಾವು ಓದಿದ್ದೆಲ್ಲ ಪರದೆಯ ಮೇಲೆ, ಬಿಡುವು ಬಿಟ್ಟು, ಒಪ್ಪವಾಗಿ ಮೂಡಿದ್ದನ್ನು. ಕಿವಿಯಿಂದಾಗಲಿ ಕೈಯಿಂದಾಗಲಿ ಮೋರ್ಸ್ ಹಿಡಿಯುವುದನ್ನು ನಾವು ಕಲಿಯಲಿಲ್ಲ. ಬೇಕಾಗುತ್ತದೆ ಎಂದು ಯಾರಿಗೂ ಅನ್ನಿಸಲಿಲ್ಲ.

ಅಂಗಿ ಉಲ್ಟಾ ಆದ ಮಾರನೆಯ ಬೆಳಿಗ್ಗೆ ಮಳೆಮಾಪಕ ತುಂಬಿ ಹೊರಗೆ ಚೆಲ್ಲಿತ್ತು. ಎಷ್ಟು ಮಳೆಯೆಂದು ಬರೆಯಲು ಆಗಲೇ ಇಲ್ಲ. ಬೆಳಗಿನ ಜಾವ ಕೇಳಿದ್ದ ಸದ್ದು ಗುಡ್ಡ ಜರಿದದ್ದು. ಬಾಳೂರಿನ ಕಡೆಯ ರಸ್ತೆ ಒಂದು ಫರ್ಲಾಂಗಿನಷ್ಟು ಕೆಳಗೆ ಹೋಗಿತ್ತು. ಕಳಸದ ಕಡೆ ಮರಗಳ ಸಮೇತ ಮಣ್ಣು ಬಂದು ಕೂತಿತ್ತು. ನಡುವೆ ನಾವು, ಆಳುಗಳ ಲೈನಿನ ಮನೆಗಳ ಹದಿನಾಲ್ಕು ಸಂಸಾರ. ಕರೆಂಟು ಹೋಯಿತು. ಸಂಜೆಯೊಳಗೆ ಮೊಬೈಲ್ ಟವರ್ ಕೂಡ ಸುಮ್ಮನಾಯಿತು.

ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಜನರೇಟರ್ ಹಾಕಿಸಿದೆ. ಕಾಫಿ ಹಣ್ಣಿನ ಕಾಲವಲ್ಲವಾದ್ದರಿಂದ ಡ್ರಮ್ಮಿನ ತಳದಲ್ಲಿ ಸ್ವಲ್ಪವೇ ಡೀಸೆಲ್ ಇತ್ತು. ಅಕ್ಕನ ಕಫ ತೆಗೆಯುವ ಯಂತ್ರಕ್ಕೂ ಲ್ಯಾಪ್‌ಟಾಪಿಗೂ ದಿನಕ್ಕೆರಡು ಗಂಟೆಯಂತೆ ಓಡಿಸಿದೆವು. ಜೀಪಿನ ಡೀಸೆಲನ್ನೂ ಬಸಿದು ಅದಕ್ಕೇ ಹಾಕಿದೆವು. ಹೇಗೂ ಜೀಪು ಹೋಗುವ ದಾರಿಯೇ ಇರಲಿಲ್ಲ.

ಎರಡನೆಯ ದಿನ ಅಕ್ಕ ಪೈ ಮಾಮನಿಗೆ ಕಳಿಸಿದಳು: ರೋಡ್ ಇಲ್ಲ, ಹದಿನಾಲ್ಕು ಮನೆ, ನಾನೂ. ಇಷ್ಟಕ್ಕೆ ಅರ್ಧ ಗಂಟೆ ಮೇಲಾಯಿತು. ಮುಗಿಸಿದ ಮೇಲೆ ಅದನ್ನೇ ಇನ್ನೊಮ್ಮೆ ಕಳಿಸಿದಳು. ಆ ಎರಡು ದಿನ ನಮ್ಮ ಕಣಿವೆಯಿಂದ ಹೊರಗೆ ಹೋದದ್ದು ಅದೊಂದೇ ಮಾತು. ಮೂರನೆಯ ದಿನ ಜನರೇಟರ್ ಹಾಕಿದಾಗ ಪರದೆಯ ಮೇಲೆ ಬೇರೆ ಕಡೆಯಿಂದ ಬಂದ ಗೆರೆಗಳು ಕಂಡವು. ಬಸವನಹುಳು ಎಂದು ನಗುತ್ತಿದ್ದ ಪೈ ಮಾಮ, ನಮಗೆ ಓದಲು ಬರಲಿ ಎಂದು, ಆರು ಸೆಕೆಂಡಿನ ಲೆಕ್ಕದಲ್ಲೇ ಉತ್ತರ ಕಳಿಸುತ್ತಿದ್ದರು. ಐತಪ್ಪ, ಸುಜಾತ, ಲೈನಿನ ಐದಾರು ಹೆಂಗಸರು ಅಕ್ಕನ ಕುರ್ಚಿಯ ಹಿಂದೆ ನಿಂತು ನೋಡಿದರು. ನಾನು ಒಂದೊಂದೇ ಅಕ್ಷರ ಕೂಗಿದೆ. ತಾಲೂಕು ಕಚೇರಿಗೆ ತಿಳಿಸಿದ್ದೇನೆ, ಜೆಸಿಬಿ ಹೊರಟಿದೆ, ನಾಳಿದ್ದು ರೋಡ್.

"ನಾಳಿದ್ದಾ? ಹಂಗಾದ್ರೆ ಎಂತದೂ ಹೆದ್ರಿಕೆ ಇಲ್ಲ" ಎಂದ ಐತಪ್ಪ. ನಮಗೆಲ್ಲ ಹಾಗೇ ಅನ್ನಿಸಿತು. ಆ ಸಂಜೆ ಡೀಸೆಲ್ ಮುಗಿಯಿತು.

ನಾಲ್ಕನೆಯ ದಿನ ಅಕ್ಕನಿಗೆ ಜ್ವರ ಬಂತು. ಕಫ ತೆಗೆಯುವ ಯಂತ್ರವಿಲ್ಲದೆ ಎದೆಯಲ್ಲಿ ಗೊರಗೊರ ಎನ್ನುತ್ತಿತ್ತು. ಪರದೆಯೂ ಆರಿದ್ದರಿಂದ ಹೌದು ಎನ್ನಲು ಒಂದು ಸಲ, ಅಲ್ಲ ಎನ್ನಲು ಎರಡು ಸಲ ನನ್ನ ಅಂಗೈ ಒತ್ತುವುದೆಂದು ಮಾಡಿಕೊಂಡೆವು. ನೋವಿದೆಯಾ, ಒಂದು. ಮಗ್ಗುಲು ಬದಲಿಸಲಾ, ಒಂದು. ಕೇಳಲು ನನಗೆ ಹೊಳೆದದ್ದಕ್ಕೆ ಮಾತ್ರ ಅವಳು ಉತ್ತರ ಕೊಡಬಹುದಿತ್ತು. ನನಗೆ ಹೊಳೆಯದ್ದು ಅವಳೊಳಗೇ ಉಳಿಯುತ್ತಿತ್ತು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ ಕೋಣೆಯ ಮುಂದೆ ನಿಂತು ಮಾತಾಡಿದ ಹಾಗೆ ಆಗುತ್ತಿತ್ತು. ಆದರೆ ಆ ಚಿಲಕದ ಹೊರಗೆ ನಮ್ಮ ಮನೆ, ಮನೆಯ ಹೊರಗೆ ಜರಿದ ಗುಡ್ಡ. ನಾನೂ ಹೊರಗಿನವನೇನಲ್ಲ.

ನೀರು ನುಂಗಲು ಹೋದರೆ ಶ್ವಾಸಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಸುಜಾತ ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದಳು.

ಐದನೆಯ ದಿನ ರಸ್ತೆ ತೆರೆಯಲಿಲ್ಲ. ಮಧ್ಯಾಹ್ನ ಬಾಳೂರಿನ ಕಡೆಯಿಂದ ಜೆಸಿಬಿಯ ಸದ್ದು ಕೇಳಿತು; ದೂರದ್ದು, ಗಾಳಿ ತಿರುಗಿದರೆ ಕೇಳುತ್ತಿತ್ತು, ಇಲ್ಲದಿದ್ದರೆ ಇಲ್ಲ. ಊಟದ ಹೊತ್ತು ಕಳೆದ ಮೇಲೆ ಐತಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಜಗಲಿಗೆ ಬಂದ. ಎರಡು ಬಿದಿರಿಗೆ ಕುರ್ಚಿ ಬಿಗಿದು ತಂದಿದ್ದರು.

"ಕೇಳಿ ರೈಟ್ರೇ, ಸದ್ದು ಕೇಳ್ತದೆ ಅಂತ ಕೂತ್ರೆ ಆಗೋದಿಲ್ಲ. ಟೀಚರಮ್ಮನ್ನ ಹೊತ್ಕೊಂಡು ಜರಿದಿದ್ದನ್ನ ದಾಟಿಸ್ತೀವಿ. ಆ ಕಡೆ ಯಾರದಾದ್ರೂ ಜೀಪು ಸಿಕ್ಕೇ ಸಿಗ್ತದೆ."

"ನಿನ್ನೆ ದಾಟ್ಲಿಕ್ಕೆ ಹೋಗಿ ನೀನೇ ತೊಡೆ ತನಕ ಹೂತು ಹೋಗಿದ್ಯಲ್ಲ ಮಾರಾಯ."

"ನಾನು ಒಬ್ನೇ ಹೋಗಿದ್ದೆ. ಇವತ್ತು ಹಲಗೆ ಹಾಕ್ಕೊಂಡು ಹೋಗ್ತೀವಿ." ಬಿದಿರಿನ ಕಟ್ಟು ಎಳೆದು ನೋಡಿ, "ಹಗುರ ಇದಾರೆ ಅವ್ರು" ಎಂದ.

ಕುರ್ಚಿ ನಡುವೆ ವಾಲಿದರೆ ಏನಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಹಿಡಿದುಕೊಳ್ಳಲು ಕೈಯಿಲ್ಲದವಳು. ನಾನು ಒಳಗೆ ಹೋದೆ. ಬೆಳಿಗ್ಗೆ ಹಾಜರಿಗೆಂದು ಒಯ್ದಿದ್ದ ಚೆಕ್‌ರೋಲ್ ಇನ್ನೂ ಕಂಕುಳಲ್ಲೇ ಇತ್ತು. ಅಕ್ಕನ ಪಕ್ಕ ಕೂತು ಇರುವುದನ್ನು ಇದ್ದ ಹಾಗೇ ಹೇಳಿದೆ. ಹೊತ್ತುಕೊಂಡು ಹೋಗಲು ಸಿದ್ಧರಿದ್ದಾರೆ, ದಾರಿ ಭದ್ರವಿಲ್ಲ, ಜೆಸಿಬಿ ಹತ್ತಿರ ಬಂದ ಹಾಗಿದೆ. "ಹೋಗೋದಾ ಅಕ್ಕ, ಕಾಯೋದಾ? ನೀನು ಹೇಳಿದ ಹಾಗೆ. ಹೋಗೋದಾದ್ರೆ ಒಂದು ಸಲ ಒತ್ತು."

ಅವಳ ಬೆರಳನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಅದು ಒತ್ತಿತು. ದೀರ್ಘವಾಗಿ ಒತ್ತಿತು. ಹೋಗೋಣ ಎಂದಳೆಂದು ಎದ್ದೆ. ಬೆರಳು ಮತ್ತೆ ಒತ್ತಿತು, ಈ ಸಲ ಗಿಡ್ಡವಾಗಿ. ಹಾಗಾದರೆ ಎರಡು, ಬೇಡ ಎಂದಳೆಂದು ಮತ್ತೆ ಕೂತೆ. ಮೂರನೆಯದೂ ಬಂತು. ಆಗ ತಿಳಿಯಿತು, ನನ್ನ ಪ್ರಶ್ನೆಗೆ ಅವಳು ಒಂದೋ ಎರಡೋ ಎಂದು ಹೇಳುತ್ತಿಲ್ಲ, ಮಾತಾಡುತ್ತಿದ್ದಾಳೆ. ಪರದೆಯ ಮೇಲೆ ಮಾತಾಡುತ್ತಿದ್ದ ಹಾಗೆಯೇ, ಅದೇ ನಿಧಾನದಲ್ಲಿ.

ನಾನು ಚೆಕ್‌ರೋಲಿನ ಕೊನೆಯ ಖಾಲಿ ಹಾಳೆ ತೆಗೆದೆ. ಎಸ್ಟೇಟಿನ ಹಾಜರಿ ಪುಸ್ತಕ ನೋಡದವರಿಗೆ ಇದನ್ನು ಹೇಳಬೇಕು. ಒಬ್ಬ ಆಳಿಗೆ ಒಂದು ಸಾಲು, ಸಾಲಿನಲ್ಲಿ ತಿಂಗಳ ಮೂವತ್ತೊಂದು ಮನೆ. ಪೂರ್ತಿ ದಿನ ಬಂದರೆ ಪೂರ್ತಿ ಗೆರೆ, ಅರ್ಧ ದಿನಕ್ಕೆ ಅರ್ಧ ಗೆರೆ, ಬಾರದಿದ್ದರೆ ಸೊನ್ನೆ. ಮನೆಯನ್ನು ಖಾಲಿ ಬಿಡುವಂತಿಲ್ಲ. ಖಾಲಿ ಬಿಟ್ಟರೆ ಆಮೇಲೆ ಯಾರಾದರೂ ಏನನ್ನಾದರೂ ತುಂಬಬಹುದು. ಕೆಲಸಕ್ಕೆ ಸೇರಿದ ಮೊದಲ ವಾರ ಹಳೆಯ ರೈಟರು ನನಗೆ ಕಲಿಸಿದ್ದು ಇದೊಂದನ್ನೇ. ಇಪ್ಪತ್ತು ವರ್ಷದಲ್ಲಿ ನಾನು ಒಂದು ಮನೆಯನ್ನೂ ಖಾಲಿ ಬಿಟ್ಟವನಲ್ಲ.

ಅಕ್ಕ ಉದ್ದವಾಗಿ ಒತ್ತಿದರೆ ಪೂರ್ತಿ ಗೆರೆ ಹಾಕಿದೆ. ಗಿಡ್ಡವಾಗಿ ಒತ್ತಿದರೆ ಅರ್ಧ ಗೆರೆ. ಒಂದರ ಪಕ್ಕದ ಮನೆಯಲ್ಲಿ ಒಂದು. ಮೊದಲು ಎಲ್ಲವನ್ನೂ ಬರೆದುಕೊಳ್ಳೋಣ, ಆಮೇಲೆ ಪಟ್ಟಿ ಹಿಡಿದು ಓದೋಣ ಎಂದು. ಪರದೆಯ ಮೇಲೂ ಹಾಗೇ ತಾನೆ ಓದುತ್ತಿದ್ದುದು. ಅವಳು ನಡುನಡುವೆ ನಿಲ್ಲುತ್ತಿದ್ದಳು. ಕೆಲವು ಸಲ ಸ್ವಲ್ಪ, ಕೆಲವು ಸಲ ಬಹಳ ಹೊತ್ತು. ದಣಿವಾರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಒಂದು ಬಿಡುವಿನಲ್ಲಿ ಪೆನ್ಸಿಲ್ ಚೂಪು ಮಾಡಿಕೊಂಡೆ. ಇನ್ನೊಂದರಲ್ಲಿ ಎದ್ದು, ಶೀಟಿನಿಂದ ಸೋರುತ್ತಿದ್ದ ಕಡೆಗೆ ಬಕೆಟ್ ಸರಿಸಿ ಬಂದೆ. ಮತ್ತೊಂದರಲ್ಲಿ ಜಗಲಿಯಲ್ಲಿ ಕಾಯುತ್ತಿದ್ದ ಐತಪ್ಪನಿಗೆ ಇನ್ನೈದು ನಿಮಿಷ ಎಂದು ಕೈಸನ್ನೆ ಮಾಡಿದೆ. ಅರ್ಧ ಗಂಟೆಯಲ್ಲಿ ಒಂದು ಸಾಲು ತುಂಬಿತು, ಎರಡನೆಯ ಸಾಲಿನಲ್ಲಿ ಆರು ಮನೆ ತುಂಬಿತು. ಒಟ್ಟು ಮೂವತ್ತೇಳು. ಆಮೇಲೆ ಬೆರಳು ಸುಮ್ಮನಾಯಿತು.

ಪಟ್ಟಿಯನ್ನು ಗೋಡೆಯಿಂದ ಕಿತ್ತು ತಂದು ಪಕ್ಕದಲ್ಲಿಟ್ಟುಕೊಂಡು ಓದಲು ಕೂತೆ. ಮೊದಲಿನದು ಪೂರ್ತಿ ಗೆರೆ. ಅದೊಂದೇ ಆದರೆ ಒಂದು ಅಕ್ಷರ. ಪಕ್ಕದ ಅರ್ಧ ಗೆರೆ ಸೇರಿದರೆ ಇನ್ನೊಂದು. ಅದರ ಪಕ್ಕದ್ದೂ ಸೇರಿದರೆ ಮತ್ತೊಂದು. ಎಲ್ಲಿ ನಿಲ್ಲಿಸಬೇಕು? ಹಾಳೆಯ ತುಂಬ ಗೆರೆಗಳು ಸಾಲಾಗಿ, ಮನೆ ಬಿಡದೆ, ಪೂರ್ತಿ ತಿಂಗಳು ಕೆಲಸ ಮಾಡಿದ ಆಳಿನ ಹಾಜರಿಯ ಹಾಗೆ ಕೂತಿದ್ದವು. ಹಾಳೆ ಕೆಳಗಿಟ್ಟು ಅಕ್ಕನ ಬೆರಳನ್ನು ಮತ್ತೆ ಅಂಗೈಗೆ ತೆಗೆದುಕೊಂಡೆ.

"ಅಕ್ಕ, ಬಿಡುವು ಬರ್ಕೊಂಡಿಲ್ಲ ನಾನು. ಇನ್ನೊಂದು ಸಲ ಹೇಳ್ತೀಯಾ?"

ಅವಳು ನನ್ನನ್ನು ನೋಡಿದಳು. ಅಂಗೈಯಲ್ಲಿ ಬೆರಳು ಒಮ್ಮೆ ಅಲುಗಿತು. ಅದು ಒತ್ತಿದ್ದೋ ನಡುಗಿದ್ದೋ ತಿಳಿಯಲಿಲ್ಲ. ಆಮೇಲೆ ಕಣ್ಣು ಮುಚ್ಚಿದಳು. ಸುಜಾತ ಬಂದು ಹಣೆ ಮುಟ್ಟಿ, ಮಲಗಲಿ ಬಿಡಿ ಎಂದಳು.

ಜಗಲಿಗೆ ಬಂದು ಐತಪ್ಪನಿಗೆ ಕಾಯೋಣ ಎಂದೆ. ಅಕ್ಕ ಏನೆಂದಳು ಎಂದು ಅವನು ಕೇಳಲಿಲ್ಲ. ಅವಳೇ ಹಾಗೆ ಹೇಳಿದಳೆಂದು ತಿಳಿದುಕೊಂಡ. ನಾನೂ ತಿದ್ದಲಿಲ್ಲ. ಜೆಸಿಬಿಯ ಸದ್ದು ಆಗ ಇನ್ನಷ್ಟು ಹತ್ತಿರದಿಂದ ಕೇಳುತ್ತಿತ್ತು. ಸಂಜೆ ಆ ಕಡೆ ಇನ್ನಷ್ಟು ಮಣ್ಣು ಜರಿದು ಸದ್ದು ನಿಂತಿತು.

ಆರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕ ಹೋದಳು. ಅವತ್ತು ಮಳೆ ಮೂವತ್ತು ಸೆಂಟ್ ಅಷ್ಟೇ. ಮೋಡ ಸರಿದು ಅಂಗಳದಲ್ಲಿ ಸ್ವಲ್ಪ ಬಿಸಿಲು ಬಿದ್ದಿತ್ತು. ಕುರ್ಚಿ ಕಟ್ಟಿದ್ದ ಬಿದಿರನ್ನು ಬಿಚ್ಚಿ ಐತಪ್ಪ ಬೇರೆ ಥರ ಕಟ್ಟಿದ. ಗೋಡೌನಿನಲ್ಲಿದ್ದ ಒಣ ಸೌದೆಯಲ್ಲಿ ತೋಟದ ಅಂಚಿನಲ್ಲೇ ಎಲ್ಲ ಮುಗಿಸಿದೆವು. ಏಳನೆಯ ದಿನ ರಸ್ತೆ ತೆರೆಯಿತು. ಮೊದಲು ಬಂದದ್ದು ಆಂಬುಲೆನ್ಸ್. ಡ್ರೈವರ್ ಇಳಿದು ಪೇಶೆಂಟ್ ಎಲ್ಲಿ ಎಂದು ಕೇಳಿದ.

ಕೆಲಸಗಳೆಲ್ಲ ಮುಗಿದ ಮೇಲೆ ನಾನು ಚೆಕ್‌ರೋಲಿನ ಹಾಳೆಯನ್ನು ಹರಿದು ಮಡಚಿಕೊಂಡು ಕುಂದಾಪುರಕ್ಕೆ ಹೋದೆ. ಪೈ ಮಾಮನನ್ನು ಎದುರಿಗೆ ಕಂಡದ್ದು ಅದೇ ಮೊದಲು. ಫೋನಿನಲ್ಲಿ ದೊಡ್ಡ ಮನುಷ್ಯನ ಹಾಗೆ ಕೇಳುತ್ತಿದ್ದವರು ಸಣ್ಣಗಿದ್ದರು. ಮೇಜಿನ ಮೇಲೆ ಅಕ್ಕನಿಂದ ಬಂದ ಗೆರೆಗಳ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ಎಲ್ಲಕ್ಕಿಂತ ಮೇಲೆ ರೋಡ್ ಇಲ್ಲ ಎಂಬುದು. ಅದರಲ್ಲಿ ಬಿಡುವುಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ ಪಟ್ಟಿಯಿಲ್ಲದೆ ನಾನೇ ಓದಿದೆ.

ನನ್ನ ಹಾಳೆಯನ್ನು ಬಿಡಿಸಿ ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು.

"ಎಂತ ನಾಗೇಶ ಇದು, ಎಲ್ಲ ಒಟ್ಟಿಗೇ ಬರ್ದಿದ್ದೀಯಾ? ಅವಳು ನಡುವೆ ಬಿಡ್ಲಿಲ್ವಾ?"

"ಬಿಟ್ಟಿದ್ಲು."

"ಎಲ್ಲಿ?"

ನಾನು ಪೆನ್ಸಿಲ್, ಬಕೆಟ್, ಐತಪ್ಪ ಎಲ್ಲವನ್ನೂ ಹೇಳಿದೆ. ಯಾವ ಗೆರೆ ಆದ ಮೇಲೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅಕ್ಷರಗಳನ್ನು ನೀನೇ ಒಂದೊಂದಾಗಿ ಹೇಳಿ, ಬೇಕಾದ್ದು ಬಂದಾಗ ಅವಳು ಒತ್ತುವ ಹಾಗೆ ಮಾಡಬಹುದಿತ್ತಲ್ಲ ಎಂದರು. ಹೇಳಿದ ಮೇಲೆ ಹೇಳಬಾರದಿತ್ತು ಎಂದು ಅವರಿಗೇ ಅನ್ನಿಸಿರಬೇಕು, ಮುಖ ತಗ್ಗಿಸಿದರು. ಅದು ನನಗೂ ಸುಜಾತಳಿಗೂ ಹೊಳೆದಿರಲಿಲ್ಲ.

ಆ ಮಧ್ಯಾಹ್ನವೆಲ್ಲ ಅವರು ಕಾಗದದ ಮೇಲೆ ಗೆರೆಗಳನ್ನು ತುಂಡು ಮಾಡುತ್ತ ಕೂತರು. ಅಕ್ಕನ ನಿಧಾನ ಸಾಫ್ಟ್‌ವೇರಿಗೂ ಕೊಟ್ಟು ನೋಡಿದರು. ಹೊತ್ತಿನ ಲೆಕ್ಕವಿಲ್ಲದೆ ಅದು ಏನನ್ನೂ ಓದಲಿಲ್ಲ. ಕೊನೆಗೆ ಮೊದಲ ಹತ್ತು ಗೆರೆಗಳನ್ನು ಎರಡು ಸಲ ಬರೆದು ನನಗೆ ತೋರಿಸಿದರು. ಒಂದು ರೀತಿ ಕತ್ತರಿಸಿದರೆ ಬಿ, ಇ, ಡಿ, ಎ. ಬೇಡ. ಇನ್ನೊಂದು ರೀತಿ ಕತ್ತರಿಸಿದರೆ ಎನ್, ಐ, ಆರ್, ಯು. ನೀರು. ಮುಂದಿನ ಇಪ್ಪತ್ತೇಳಕ್ಕೆ ಇನ್ನೂ ಎಷ್ಟೋ ಬಗೆ ಇತ್ತು. ಯಾವುದನ್ನು ಜೋಡಿಸಿದರೂ ಅರ್ಧ ಮಾತಾಗುತ್ತಿತ್ತು, ಅರ್ಧ ಆಗುತ್ತಿರಲಿಲ್ಲ.

"ನಿಮ್ಗೆ ಯಾವುದು ಸರಿ ಅನ್ನಿಸ್ತದೆ?" ಎಂದೆ.

"ನಾನು ಹೇಳಿದ್ರೆ ಅದು ನನ್ನ ಮಾತಾಗ್ತದೆ ಮಾರಾಯ, ಅವಳದ್ದಲ್ಲ." ಕನ್ನಡಕ ತೆಗೆದರು. "ನಾಳಿದ್ದು ರೋಡ್ ಅಂದವ ನಾನು. ಅದೊಂದು ಸ್ಪಷ್ಟವಾಗಿ ಬಂತಲ್ಲ ನಿಮಗೆ."

ಬಸ್ಸಿನಲ್ಲಿ ಬರುವಾಗ ಘಾಟಿಯ ಉದ್ದಕ್ಕೂ ಇದನ್ನೇ ಯೋಚಿಸಿದೆ. ಬೇಡ ಎಂದಿದ್ದರೆ, ಕಾದದ್ದು ಅವಳ ಇಷ್ಟದಂತೆಯೇ ಆಯಿತು. ಅದರ ಮುಂದಿನ ಮಾತೂ ಹಾಗೇ ಇದ್ದರೆ ನಾನು ಸ್ವಲ್ಪ ಮಲಗಬಹುದು. ನೀರು ಎಂದಿದ್ದರೆ, ಅವಳು ಬಾಯಾರಿ ಕೇಳುತ್ತಿದ್ದಾಗ ನಾನು ಪಕ್ಕದಲ್ಲಿ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದೆ. ಎರಡೂ ಅಲ್ಲದೆ ಬೇರೆಯೇ ಏನಾದರೂ ಆಗಿದ್ದರೆ ಅದರ ಮೊದಲ ಅಕ್ಷರ ಕೂಡ ನನಗೆ ಗೊತ್ತಿಲ್ಲ. ಹೋಗೋಣ ಎಂಬುದು ಆ ಮೂವತ್ತೇಳರೊಳಗೆ ಎಲ್ಲೋ ಇರಬಹುದು ಎನ್ನುವುದನ್ನು ನಾನು ಸುಜಾತಳಿಗೆ ಇನ್ನೂ ಹೇಳಿಲ್ಲ. ಐತಪ್ಪನಿಗೆ ಹೇಳಿದೆ. ಅವನು ಬೀಡಿ ಹಚ್ಚಿಕೊಂಡು, "ನೀವು ಹೂಂ ಅಂದಿದ್ರೂ ದಾಟ್ಸಕ್ಕೆ ಆಗ್ತಿತ್ತೋ ಇಲ್ವೋ ರೈಟ್ರೇ" ಎಂದ. ನನ್ನ ಸಮಾಧಾನಕ್ಕೆ ಹೇಳಿದ್ದು ಅದು. ಅವನ ಮುಖದಲ್ಲಿ ಬೇರೆಯೇ ಇತ್ತು.

ಅಕ್ಕನ ತಂತಿ ಈಗಲೂ ಸಿಲ್ವರ್ ಓಕ್ ಮರಗಳ ನಡುವೆ ಇದೆ. ನನಗೆ ಲೈಸೆನ್ಸ್ ಇಲ್ಲ, ಕಳಿಸುವಂತಿಲ್ಲ, ಕೇಳಲು ಅಡ್ಡಿಯಿಲ್ಲ. ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ಪ್ರಯೋಗಕ್ಕೆ ಮಾತ್ರ, ತಪ್ಪುಗಳಿರಬಹುದು ಎಂಬ ಸಾಲು ಬಂದು ಹೋಗುತ್ತದೆ. ಯಾವುದೋ ದೂರದ ಊರಿನವರ ಗೆರೆಗಳು ಮೂಡುತ್ತವೆ. ನಾನು ಈಗ ಮೊದಲು ಬಿಡುವು ನೋಡುತ್ತೇನೆ, ಆಮೇಲೆ ಗೆರೆ. ಪೈ ಮಾಮ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಬಸವನಹುಳುವಿನ ಮಾತು ಎತ್ತುವುದಿಲ್ಲ.

ಈ ವರ್ಷದ ಚೆಕ್‌ರೋಲ್ ಹೊಸದು. ಅದರಲ್ಲೂ ಮನೆ ಖಾಲಿ ಬಿಡುವುದಿಲ್ಲ, ಕೆಲಸ ಹಾಗೆ. ಹಳೆಯ ಹಾಳೆಯನ್ನು ಮಳೆಯ ಪುಸ್ತಕದೊಳಗೆ ಇಟ್ಟಿದ್ದೇನೆ. ತೇವ ತಾಗದಂತೆ ಪ್ಲಾಸ್ಟಿಕ್ ಸುತ್ತಿದ್ದೇನೆ. ಗೆರೆ ಮೂವತ್ತೇಳೂ ಇವೆ. ಅಕ್ಕ ಎಲ್ಲೆಲ್ಲಿ ನಿಲ್ಲಿಸಿದ್ದಳು ಎಂಬುದು ಇಲ್ಲ.